ಜನಪ್ರಿಯ ಕಾದಂಬರಿ, ಗಂಭೀರ ಕಾದಂಬರಿ ಮತ್ತು ತ್ರಿವೇಣಿ

ಜನಪ್ರಿಯ ಕಾದಂಬರಿಯನ್ನೂ ಗಂಭೀರ ಕಾದಂಬರಿಯನ್ನೂ ಓದುಗರ ಸಂಖ್ಯೆಯಿಂದ ಬೇರ್ಪಡಿಸುವ ರೂಢಿ ಕನ್ನಡದಲ್ಲಿ ಬಹುಕಾಲ ನಡೆದುಬಂದಿದೆ. ಮನೆಮನೆಯಲ್ಲೂ ಓದಿಸಿಕೊಂಡ ಕೃತಿಯಲ್ಲಿ ಸತ್ವವಿರಲಾರದು ಎಂಬ ಗುಮಾನಿ, ಅದರಲ್ಲೂ ಬರೆದವರು ಹೆಂಗಸರಾಗಿದ್ದರೆ, ಇನ್ನಷ್ಟು ಬಲವಾಗುತ್ತಿತ್ತು. ಈ ಅಳತೆಗೋಲು ನನಗೆ ಒಪ್ಪಿತವಲ್ಲ.

ಲೇಖಕಿ ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯನ್ನೇ ನೋಡೋಣ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ತುತ್ತಾದ ಕಾವೇರಿ ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಮರಳುತ್ತಾಳೆ. ಓದುಗರನ್ನು ಸಮಾಧಾನಪಡಿಸುವುದಷ್ಟೇ ಉದ್ದೇಶವಾಗಿದ್ದರೆ ಕಥೆಯನ್ನು ಅಲ್ಲಿಗೇ ಮುಗಿಸಬಹುದಿತ್ತು. ಆದರೆ ತ್ರಿವೇಣಿಯವರ ನಿಜವಾದ ಕಾದಂಬರಿ ಶುರುವಾಗುವುದೇ ಆಕೆ ಗುಣವಾದ ಮೇಲೆ. ಗಂಡನೂ ನೆರೆಹೊರೆಯವರೂ ಆಕೆಯನ್ನು ಹುಚ್ಚಿಯಾಗಿದ್ದವಳು ಎಂದೇ ಕಾಣುತ್ತಾರೆ. ಎಲ್ಲರಿಗೂ ಸಹಜವಾದ ಸಿಟ್ಟು, ಅಳು ಆಕೆಯ ಪಾಲಿಗೆ ರೋಗದ ಗುರುತುಗಳಾಗುತ್ತವೆ. ವೈದ್ಯರು ಗುಣಪಡಿಸಿದ ಮನಸ್ಸನ್ನು ಮನೆಯೇ ಮತ್ತೆ ಕೆಡಿಸುತ್ತದೆ. ಸರಳ ಭಾಷೆ, ಸರಾಗವಾದ ಕಥನ, ಪರಿಚಿತ ಮಧ್ಯಮವರ್ಗದ ಮನೆ ಇವೆಲ್ಲವೂ ಜನಪ್ರಿಯ ಕಾದಂಬರಿಯ ಸಾಮಗ್ರಿಯೇ ಹೌದು. ಆದರೆ ಓದುಗರು ಬಯಸುವ ಮುಕ್ತಾಯವನ್ನು ಮಾತ್ರ ತ್ರಿವೇಣಿ ಕೊಡಲಿಲ್ಲ. ಪುಟ್ಟಣ್ಣ ಕಣಗಾಲರು 1971ರಲ್ಲಿ ಇದನ್ನು ಚಿತ್ರವಾಗಿಸಿದಾಗಲೂ ಆ ದುರಂತ ಉಳಿದುಕೊಂಡಿತು, ಜನ ಅದನ್ನು ಮೆಚ್ಚಿಕೊಂಡರು.

ಹಾಗೆಂದು ಬರಿಯ ಜನಪ್ರಿಯ ಕೃತಿಯನ್ನು ಹಗುರವಾಗಿ ಕಾಣುವುದೂ ಸಲ್ಲದು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಎಷ್ಟೋ ಜನರಿಗೆ ಕನ್ನಡ ಓದಿನ ರುಚಿ ಹತ್ತಿಸಿದವು. ವಾರಪತ್ರಿಕೆಯ ಧಾರಾವಾಹಿ ಬರೆಯುವವರು ಪ್ರತಿ ಕಂತನ್ನೂ ಕುತೂಹಲದ ತುದಿಯಲ್ಲಿ ನಿಲ್ಲಿಸಬೇಕು, ಹಿಂದಿನ ಕಂತು ಮರೆತವರಿಗೂ ಎಳೆ ಸಿಗುವಂತೆ ನೋಡಿಕೊಳ್ಳಬೇಕು. ಅದು ಶ್ರಮ ಬೇಡುವ ಕಸುಬು. ಅಂಥ ಕೃತಿ ಆರಂಭದಲ್ಲಿ ಕೊಟ್ಟ ಮಾತನ್ನು ಕೊನೆಯಲ್ಲಿ ತಪ್ಪದೆ ನಡೆಸಿಕೊಡುತ್ತದೆ: ಕೊಲೆಗಾರ ಸಿಕ್ಕಿಬೀಳುತ್ತಾನೆ, ಅಗಲಿದವರು ಒಂದಾಗುತ್ತಾರೆ.

ಪೂರ್ಣಚಂದ್ರ ತೇಜಸ್ವಿಯವರು ಇದೇ ಪತ್ತೇದಾರಿ ಚೌಕಟ್ಟನ್ನು ‘ಚಿದಂಬರ ರಹಸ್ಯ’ದಲ್ಲಿ ಎತ್ತಿಕೊಂಡರು. ಏಲಕ್ಕಿ ಬೆಳೆಯ ಕುಸಿತ, ವಿಜ್ಞಾನಿಯೊಬ್ಬರ ಅನುಮಾನಾಸ್ಪದ ಸಾವು, ತನಿಖೆಗೆ ಬರುವ ಅಂಗಡಿ ಎಂಬ ಅಧಿಕಾರಿ ಎಲ್ಲವೂ ಅಲ್ಲಿವೆ. ಅಪರಾಧಿ ಯಾರೆಂದು ತಿಳಿಯುವ ಆತುರದಲ್ಲಿ ಪುಟ ತಿರುಗಿಸುತ್ತಿದ್ದ ನಮ್ಮ ಗಮನ ಮೆಲ್ಲಗೆ ಕಥೆ ನಡೆಯುವ ಕೆಸರೂರಿನ ಕಡೆಗೆ, ಅಲ್ಲಿನ ಜಾತಿ, ಕೋಮು, ವ್ಯಾಪಾರ, ನಾಶವಾಗುತ್ತಿರುವ ಕಾಡಿನ ಕಡೆಗೆ ಹೊರಳುತ್ತದೆ. ಕೊನೆಗೆ ಬೆಂಕಿ ಊರನ್ನು ಮುತ್ತುವಾಗ ಒಬ್ಬ ಅಪರಾಧಿಯನ್ನು ಹಿಡಿದುಕೊಟ್ಟು ಮುಗಿಸಬಹುದಾದ ಕಥೆ ಇದಲ್ಲವೆಂಬುದು ಮನವರಿಕೆಯಾಗುತ್ತದೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಕೃತಿಯನ್ನು ಇಂದಿಗೂ ಒಂದೇ ಉಸಿರಿಗೆ ಓದಿ ಮುಗಿಸಬಹುದು.

ಆದ್ದರಿಂದ ವ್ಯತ್ಯಾಸವಿರುವುದು ಓದಿನ ವೇಗದಲ್ಲಾಗಲಿ ಪ್ರತಿಗಳ ಮಾರಾಟದಲ್ಲಾಗಲಿ ಅಲ್ಲ, ಓದುಗರ ನಿರೀಕ್ಷೆಯನ್ನು ಲೇಖಕರು ಏನು ಮಾಡುತ್ತಾರೆ ಎಂಬುದರಲ್ಲಿ ಎಂದು ನಾನು ನಂಬಿದ್ದೇನೆ. ಪತ್ತೇದಾರಿಯ ಚೌಕಟ್ಟನ್ನು ಬಳಸಿದ್ದಕ್ಕೆ ತೇಜಸ್ವಿಯವರನ್ನು ಯಾರೂ ಕೆಳಗಿಳಿಸಲಿಲ್ಲ. ಸಂಸಾರದ ಕಥೆಯ ಚೌಕಟ್ಟನ್ನು ಬಳಸಿದ ತ್ರಿವೇಣಿಯವರಿಗೂ ಅದೇ ನ್ಯಾಯ ಸಲ್ಲಬೇಕು. ಆಕೆಯ ಕಾದಂಬರಿಗಳನ್ನು ನವ್ಯ ಸಾಹಿತ್ಯ ಚಳವಳಿಯ ಮುಖ್ಯ ಕಾದಂಬರಿಗಳ ಪಕ್ಕದಲ್ಲಿಟ್ಟು, ಅಷ್ಟೇ ಎಚ್ಚರದಿಂದ ಓದಬೇಕು.