ಡ್ಯಾಶ್‌ಬೋರ್ಡ್ ಗಣಪನಿಗೆ ಕಾವಲು ಕೆಲಸ

ಜುಲೈ 6

ಹಿಂದಿನ ಕ್ರಾಸ್‌ನಲ್ಲಿ ಒಂದು ಎಸ್‌ಯುವಿ ಕಳುವಾಯಿತು. ಸಿಸಿಟಿವಿ ನೋಡಿದೆ. ಗಾಜು ಒಡೆದಿಲ್ಲ, ಅಲಾರಂ ಕೂಗಿಲ್ಲ. ಒಬ್ಬ ಬ್ಯಾಗ್ ಹಿಡಿದು ಗೇಟಿನ ಹತ್ತಿರ ನಿಂತ, ಇನ್ನೊಬ್ಬ ಬಾಗಿಲು ತೆಗೆದು ಕೂತ, ಹೊರಟೇಬಿಟ್ಟ. ನೋಡಿದವರು ಓನರ್ರೇ ಹೋದರು ಅಂದುಕೊಳ್ಳಬೇಕು, ಹಾಗಿತ್ತು. ನಮ್ಮದೂ ಪುಶ್ ಸ್ಟಾರ್ಟ್ ಗಾಡಿ, ಕೀ ಜೇಬಿನಲ್ಲಿದ್ದರೆ ಸಾಕು, ಬಾಗಿಲು ತೆರೆದು ಬಟನ್ ಒತ್ತಿದರೆ ಸ್ಟಾರ್ಟ್. ಮಹಾಲಕ್ಷ್ಮಿ ಲೇಔಟ್‌ನ ನಮ್ಮ ಮನೆಗೆ ಪಾರ್ಕಿಂಗ್ ಇಲ್ಲ, ಬೀದಿಯೇ ಗತಿ.

ಇದರ ಗುಟ್ಟು ಸರಳ. ಬಾಗಿಲ ಹಿಡಿ ಮುಟ್ಟಿದರೆ ಗಾಡಿ ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ‘ಕೀ ಇದ್ದೀಯಾ?’ ಎಂದು ಮೆಲ್ಲಗೆ ಕೇಳುತ್ತದೆ. ಆ ದನಿ ಒಂದೆರಡು ಮೀಟರ್ ದಾಟುವುದಿಲ್ಲ. ಕೀ ಮಾತ್ರ 433 ಮೆಗಾಹರ್ಟ್ಸ್‌ನಲ್ಲಿ ಜೋರಾಗಿಯೇ ಉತ್ತರ ಕೊಡುತ್ತದೆ. ಕಳ್ಳರು ಮೆಲ್ಲನೆಯ ಆ ಪ್ರಶ್ನೆಯನ್ನು ಬ್ಯಾಗಿನೊಳಗಿನ ಉಪಕರಣದಿಂದ ಮನೆ ಗೋಡೆವರೆಗೆ, ಒಳಗಿರುವ ಕೀಗೆ ಕೇಳುವಂತೆ ತಲುಪಿಸುತ್ತಾರೆ, ಅಷ್ಟೆ. ಕೋಡ್ ಒಡೆಯುವ ಗೋಜೇ ಇಲ್ಲ. ಜರ್ಮನಿಯ ಮೋಟಾರ್ ಕ್ಲಬ್ ಎಡಿಎಸಿ 2016ರಲ್ಲೇ ಇದನ್ನು 24 ಗಾಡಿಗಳ ಮೇಲೆ ಮಾಡಿ ತೋರಿಸಿತ್ತು.

ಜುಲೈ 7

ಮೊದಲ ಪ್ರಯೋಗ ಅಡುಗೆಮನೆಯಿಂದ. ಕೀಯನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟು ಗಾಡಿಯ ಪಕ್ಕ ನಿಂತೆ. ಮುಚ್ಚಳ ಸ್ವಲ್ಪ ಸಡಿಲ. ಹಿಡಿ ಮುಟ್ಟಿದ ತಕ್ಷಣ ಬಾಗಿಲು ತೆರೆಯಿತು! ಅಲ್ಯೂಮಿನಿಯಂ ಫಾಯಿಲ್ ಒಂದು ಸುತ್ತು ಸುತ್ತಿದೆ, ಆಗಲೂ ತೆರೆಯಿತು. ಕೊನೆಗೆ ಸಿಕ್ಕಿದ್ದು ಅಮ್ಮನ ಹಳೆಯ ಇಂಗಿನ ಡಬ್ಬಿ. ಸ್ಟೀಲು, ತಿರುಗಿಸಿ ಮುಚ್ಚುವ ಬಿಗಿ ಮುಚ್ಚಳ. ಹತ್ತು ಸಲ ಹಿಡಿ ಮುಟ್ಟಿದರೂ ಗಾಡಿ ಮಿಸುಕಲಿಲ್ಲ. ನಿಮ್ಮ ಡಬ್ಬಿಯನ್ನು ನೀವೇ ಹೀಗೆ ಪರೀಕ್ಷಿಸಿ ನೋಡಿ, ಡಬ್ಬಿಯಿಂದ ಡಬ್ಬಿಗೆ ವ್ಯತ್ಯಾಸ ಜಾಸ್ತಿ.

ಅಮ್ಮನ ಪ್ರಶ್ನೆ: “ಕೀನ ಇಂಗಿನ ಡಬ್ಬೀಲಿ ಯಾಕೋ ಇಟ್ಟಿದ್ದೀಯ?” ಉತ್ತರ ಹೇಳಲು ಅರ್ಧ ಗಂಟೆ ಬೇಕಾಯಿತು.

ಜುಲೈ 20

ಕಳ್ಳರ ಎರಡನೇ ದಾರಿ ಓಬಿಡಿ ಪೋರ್ಟ್. ಸ್ಟೀರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್, ಸರ್ವಿಸ್‌ನವರು ಕಂಪ್ಯೂಟರ್ ಹಾಕುವ ಜಾಗ. ದೆಹಲಿ ಕಡೆ ಪೊಲೀಸರಿಗೆ ಸಿಕ್ಕಿಬಿದ್ದ ಗ್ಯಾಂಗ್‌ಗಳ ಹತ್ತಿರ ಇದೇ ಸಾಕೆಟ್ಟಿಗೆ ಸಿಕ್ಕಿಸಿ ಹೊಸ ಕೀ ಬರೆಯುವ ಟ್ಯಾಬ್ಲೆಟ್‌ಗಳಿದ್ದವು. ಅಸಲಿ ಸಾಕೆಟ್ಟನ್ನು ಕ್ಲಿಪ್ಪಿನಿಂದ ಬಿಡಿಸಿ ಒಳಗೆ ಮೇಲಕ್ಕೆ ಕಟ್ಟಿದೆ. ಅದರ ಜಾಗಕ್ಕೆ ಎಸ್‌ಪಿ ರೋಡಿನಿಂದ ತಂದ ಖಾಲಿ ಸಾಕೆಟ್. ಒಂದು ವೈರೂ ಇಲ್ಲ, ಬರೀ ವೇಷ.

ಮೊದಲು ಮೋಸ ಹೋದದ್ದು ಕಳ್ಳನಲ್ಲ, ಸರ್ವಿಸ್ ಸೆಂಟರ್ ಹುಡುಗ. “ಸಾರ್, ನಿಮ್ಮ ಗಾಡಿ ಕಂಪ್ಯೂಟರ್ ಸತ್ತೋಗಿದೆ” ಎಂದು ಗಾಬರಿಯಲ್ಲಿ ಫೋನ್ ಮಾಡಿದ.

ಆಗಸ್ಟ್ 10

ಇದು ನನ್ನ ದಡ್ಡತನದ ಅಧ್ಯಾಯ. ಕಳ್ಳ ನೂರಡಿ ಹೋಗಿ ನಡುರಸ್ತೆಯಲ್ಲಿ ನಿಲ್ಲಲಿ ಎಂಬ ಆಸೆಗೆ ಬಿದ್ದು ಫ್ಯೂಯೆಲ್ ಪಂಪ್ ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು) ಗುಪ್ತ ಸ್ವಿಚ್ ಹಾಕಿದೆ. 30 ರೂಪಾಯಿಯ ಟಾಗಲ್ ಸ್ವಿಚ್. ನಾಲ್ಕನೇ ದಿನ ಗೊರಗುಂಟೆಪಾಳ್ಯದ ಹತ್ತಿರ ಒಂದು ಗುಂಡಿಗೆ ಚಕ್ರ ಇಳಿಯಿತು. ಎಂಜಿನ್ ಕೆಮ್ಮಿತು, ನಿಂತಿತು. ಸ್ಟೀರಿಂಗ್ ಕಲ್ಲಾಯಿತು, ಬ್ರೇಕ್ ಗಟ್ಟಿಯಾಯಿತು, ಹಿಂದೆ ಲಾರಿಯ ಹಾರ್ನ್. ಕಳ್ಳನಿಗೆ ಅಂತ ತೋಡಿದ ಹಳ್ಳಕ್ಕೆ ನಾನೇ ಬಿದ್ದಿದ್ದೆ. ಅಂದೇ ಸಂಜೆ ಎಲ್ಲ ಕಿತ್ತು ಹಾಕಿದೆ. ಓಡುತ್ತಿರುವ ಎಂಜಿನ್ನನ್ನು ನಿಲ್ಲಿಸಬಲ್ಲ ಯಾವ ಮನೆಮದ್ದನ್ನೂ ಹಾಕಬೇಡಿ.

ಆಗಸ್ಟ್ 24

ಹೊಸ ಯೋಚನೆ: ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟಾರಿನ ರಿಲೇ, ಅಂದರೆ ಸ್ಟಾರ್ಟರ್ ರಿಲೇ. ಅದರ ದಾರಿ ತಪ್ಪಿಸಿದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಆದರೆ ಓಡುವಾಗ ಅದಕ್ಕೆ ಕೆಲಸವೇ ಇಲ್ಲ, ಸ್ವಿಚ್ ಕೆಟ್ಟರೂ ಎಂಜಿನ್ ನಿಲ್ಲುವುದಿಲ್ಲ.

2022ರಲ್ಲಿ ಲಂಡನ್ನಿನಲ್ಲಿ ಇಯಾನ್ ಟೇಬರ್ ಎಂಬ ಕಾರ್ ಸೆಕ್ಯುರಿಟಿ ಸಂಶೋಧಕರ ಟೊಯೋಟಾ ಆರ್‌ಎವಿ4 ಕಾರೇ ಕಳುವಾಯಿತು. ಕಳ್ಳರು ಹೆಡ್‌ಲೈಟಿನ ವೈರಿನಿಂದ ಗಾಡಿಯ ನೆಟ್‌ವರ್ಕಿಗೆ ನುಗ್ಗಿ ‘ಕೀ ಸರಿಯಾಗಿದೆ’ ಎಂದು ಸುಳ್ಳು ಹೇಳಿಸಿದ್ದರು. ಬ್ಲೂಟೂತ್ ಸ್ಪೀಕರ್‌ನಂತೆ ಕಾಣುವ ಉಪಕರಣ ಸಾಕಾಗಿತ್ತು. ಓದಿದ ಮೇಲೆ ನನಗೆ ಬೇಕಾದದ್ದು ಸ್ಪಷ್ಟವಾಯಿತು: ಗಾಡಿಯ ಕಂಪ್ಯೂಟರಿಗೆ ಗೊತ್ತೇ ಇರದ ಒಂದು ಪೆದ್ದು ಬೀಗ. ಅದಕ್ಕೆ ಯಾರೂ ಸುಳ್ಳು ಹೇಳಿ ನಂಬಿಸಲಾಗುವುದಿಲ್ಲ, ಏಕೆಂದರೆ ಅದಕ್ಕೆ ಕಿವಿಯೇ ಇಲ್ಲ.

ರಿಲೇಯ 85 ಮತ್ತು 86 ಕಾಯಿಲ್ ಪಿನ್‌ಗಳು, ಅಂದರೆ ರಿಲೇಯನ್ನು ಎಳೆಯುವ ತಂತಿ ಸುರುಳಿಯ ಎರಡು ತುದಿಗಳು. ಮೀಟರ್ ಇಟ್ಟರೆ 84 ಓಮ್ ತೋರಿಸಿತು. ಅಂದರೆ 12 ವೋಲ್ಟಿಗೆ 0.15 ಆಂಪಿಯರ್ ಕೂಡ ಇಲ್ಲ, ಮ್ಯಾಗ್ನೆಟ್ ಹತ್ತಿರ ಬಂದರೆ ಆನ್ ಆಗುವ ಸಣ್ಣ ರೀಡ್ ಸ್ವಿಚ್ಚೇ ಸಾಕು. ಕೆಟ್ಟ ರಿಲೇಯೊಂದರ ತಳವನ್ನು ಗಾಡಿಯ ಸಾಕೆಟ್ಟಿಗೆ ಚುಚ್ಚಿ, ಅಲ್ಲಿಂದ ವೈರು ಎಳೆದು ಹೊಸ ಸಾಕೆಟ್ಟಿನಲ್ಲಿ ಅಸಲಿ ರಿಲೇ ಕೂರಿಸಿದೆ. ಕಾಯಿಲಿನ ವೈರು ಮಾತ್ರ ಒಂದು ಸುತ್ತು ಗಾಡಿಯೊಳಗಿನ ರೀಡ್ ಸ್ವಿಚ್ಚಿನವರೆಗೆ ಹೋಗಿ ಬರುತ್ತದೆ. ಗಾಡಿಯ ಒಂದು ವೈರನ್ನೂ ಕತ್ತರಿಸಿಲ್ಲ.

ರೀಡ್ ಸ್ವಿಚ್ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಅಡಿಯಲ್ಲಿ. ಮ್ಯಾಗ್ನೆಟ್ ಗಣಪನ ಪೀಠದ ಒಂದು ಅಂಚಿಗೆ. ಗಣಪ ನಮ್ಮ ಕಡೆ ನೋಡಿದರೆ ಗಾಡಿ ಸ್ಟಾರ್ಟ್. ರಸ್ತೆ ಕಡೆ ತಿರುಗಿಸಿ ಇಳಿದರೆ ಬಂದ್. ಬಿಸಿಲಲ್ಲಿ ಡ್ಯಾಶ್‌ಬೋರ್ಡ್ ಕಾವಲಿಯಂತೆ ಕಾಯುತ್ತದೆ. ಸಾಮಾನ್ಯ ನಿಯೋಡೈಮಿಯಂ ಮ್ಯಾಗ್ನೆಟ್ 80 ಡಿಗ್ರಿ ಮೀರಿದರೆ ಶಕ್ತಿ ಕಳೆದುಕೊಳ್ಳುತ್ತದೆ, ಹಾಗಾಗಿ ಹಳೆ ಸ್ಪೀಕರಿನ ಫೆರೈಟ್ ತುಂಡು ಅಂಟಿಸಿದೆ.

ಬಾನೆಟ್ ತೆಗೆದು ಪುರುಸೊತ್ತಾಗಿ ಕೂತರೆ ಯಾರಾದರೂ ಕಂಡುಹಿಡಿದಾರು. ಎರಡು ನಿಮಿಷದ ಕಳ್ಳನಿಗೆ ಆ ಪುರುಸೊತ್ತು ಇರುವುದಿಲ್ಲ. ಜೊತೆಗೆ ಕಣ್ಣಿಗೆ ಹೊಡೆಯುವ ಹಳದಿ ಸ್ಟೀರಿಂಗ್ ಲಾಕ್ ಒಂದು ತಂದೆ.

ಸೆಪ್ಟೆಂಬರ್ 1

ಗಣಪನನ್ನು ತಿರುಗಿಸಿಟ್ಟೇ ಬಟನ್ ಒತ್ತಿ ನೋಡುತ್ತಿದ್ದೆ. ಎಂಜಿನ್ ಲೈಟ್ ಬಂತು. ಕೋಡ್ ಪಿ0615, ಸ್ಟಾರ್ಟರ್ ರಿಲೇ ಸರ್ಕ್ಯೂಟ್. ಪೆದ್ದು ಬೀಗ ಕಂಪ್ಯೂಟರಿಗೆ ಗೊತ್ತಾಗಿಬಿಟ್ಟಿತ್ತು! ರೀಡ್ ಸ್ವಿಚ್ಚಿಗೆ ಅಡ್ಡಲಾಗಿ 1 ಕಿಲೋಓಮ್ ರೆಸಿಸ್ಟರ್ ಹಾಕಿದೆ. ಅದರಲ್ಲಿ ಹರಿಯುವ 11 ಮಿಲಿಆಂಪಿಯರಿಗೆ ರಿಲೇ ಎಳೆಯುವುದಿಲ್ಲ, ಕಂಪ್ಯೂಟರಿಗೆ ಮಾತ್ರ ವೈರು ಅಲ್ಲೇ ಇದೆ ಅನ್ನಿಸುತ್ತದೆ. ಲೈಟ್ ಮತ್ತೆ ಬಂದಿಲ್ಲ.

ಆಯುಧಪೂಜೆಯ ಸಂಜೆ

ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಯಿತು. ಅಪ್ಪ ಬಟನ್ ಒತ್ತಿದರು. ಏನೂ ಇಲ್ಲ. ಇನ್ನೊಮ್ಮೆ. ಬೀದಿಯವರೆಲ್ಲ ನೋಡುತ್ತಿದ್ದಾರೆ. “ಪೂಜೆ ದಿನಾನೇ ಹಿಂಗಾಗ್ಬೇಕಾ, ಏನು ಮಾಡಿಟ್ಟಿದ್ದೀಯೋ?” ಎಂದು ಅಪ್ಪ ನನ್ನ ಕಡೆ ತಿರುಗಿದರು. ಒಳಗೆ ಬಗ್ಗಿ ನೋಡಿದರೆ ಗಣಪ ರಸ್ತೆ ಕಡೆ ಮುಖ ಮಾಡಿ ಕೂತಿದ್ದಾನೆ.

“ನಾನೇ ತೊಳೆದು ಇಟ್ಟೆ. ದೇವರು ದಾರಿ ನೋಡ್ಬೇಕಪ್ಪ, ನಮ್ಮ ಮುಖ ನೋಡ್ಕೊಂಡು ಕೂತ್ಕೊಂಡ್ರೆ ಹೆಂಗೆ?” ಎಂದರು ಅಮ್ಮ.

ಮೆಲ್ಲಗೆ ತಿರುಗಿಸಿದೆ. ಗಾಡಿ ಎದ್ದಿತು, ನಾಲ್ಕೂ ನಿಂಬೆಹಣ್ಣು ಪಚಕ್ ಎಂದವು.

ಈ ಸಾಲು ಬರೆಯುವ ಮೊದಲೇ ರೀಡ್ ಸ್ವಿಚ್ಚು ಬೇರೆ ಜಾಗಕ್ಕೆ ಹೋಗಿದೆ. ಇಲ್ಲದಿದ್ದರೆ ಇಷ್ಟೆಲ್ಲ ಹೇಳುತ್ತಿದ್ದೆನಾ? ಗಣಪ ಈಗ ಅಮ್ಮ ಹೇಳಿದಂತೆ ದಾರಿ ನೋಡುತ್ತಾ ಸುಮ್ನೆ ಕೂತಿದ್ದಾನೆ. ಕೀಗೆ ಮಾತ್ರ ಇನ್ನೂ ಇಂಗಿನ ವಾಸನೆ.