ಪರಾಗ ಕೆಟ್ಟರೆ ಜೀನ್ ಯಾರದು ಅಂತ ಮೊದಲು ಕೇಳಿ

ಅರಬಿಡಾಪ್ಸಿಸ್ (ಸಾಸಿವೆ ಕುಟುಂಬದ, ಲ್ಯಾಬಿನಲ್ಲಿ ಬೆಳೆಸುವ ಪುಟ್ಟ ಗಿಡ) ಟ್ರೇಯಲ್ಲಿ ಬೀಜ ಕಟ್ಟದ ಗಿಡ ದೂರದಿಂದಲೇ ಗೊತ್ತಾಗುತ್ತದೆ. ಕಾಯಿಗಳು ಉದ್ದವಾಗುವುದೇ ಇಲ್ಲ. ಅಕ್ಕಪಕ್ಕದ ಗಿಡಗಳು ಒಣಗುತ್ತಾ ಬಂದರೂ ಇದು ಹೂ ಬಿಡುತ್ತಲೇ ಇರುತ್ತದೆ. ನಮ್ಮ ಲ್ಯಾಬಿಗೆ ಹೊಸದಾಗಿ ಬಂದವರು ಇಂಥ ಗಿಡ ಸಿಕ್ಕ ಕೂಡಲೇ ಹೂ ಕಿತ್ತುಕೊಂಡು ಮೈಕ್ರೋಸ್ಕೋಪಿನ ಕಡೆ ಓಡುತ್ತಾರೆ. ಸ್ವಲ್ಪ ತಾಳಿ ಅನ್ನುತ್ತೇನೆ. ಮೊದಲು ಒಳ್ಳೆ ಗಿಡದ ಪರಾಗ ತಂದು ಇದರ ಶಲಾಕೆಯ ತುದಿಗೆ ಮುಟ್ಟಿಸಿ. ಕಾಯಿ ತುಂಬಿಕೊಂಡರೆ ಹೆಣ್ಣು ಭಾಗ ಸರಿ ಇದೆ, ತೊಂದರೆ ಇರುವುದು ಗಂಡು ಭಾಗದಲ್ಲಿ. ಆಮೇಲೆ ಕೇಳಬೇಕಾದ್ದು ಇದು: ಕೆಟ್ಟ ಜೀನ್ ಕೆಲಸ ಮಾಡುತ್ತಿದ್ದದ್ದು ಪರಾಗದ ಒಳಗೋ, ಪರಾಗವನ್ನು ಬೆಳೆಸುವ ಗಿಡದ ಅಂಗಾಂಶದಲ್ಲೋ?

ಬಹಳ ಸಲ ಅದು ಗಿಡದ ಕಡೆಯದೇ ಆಗಿರುತ್ತದೆ. ಪರಾಗಕೋಶದ ಒಳಗೆ, ಪರಾಗಕ್ಕೆ ಅಂಟಿಕೊಂಡಂತೆ ಟಪೀಟಮ್ ಎಂಬ ಪದರ ಇದೆ. ಪರಾಗಕ್ಕೆ ಉಣಿಸುವುದು ಅದೇ. ಮಿಯೋಸಿಸ್ (ಜೀನ್‌ಗಳ ಪ್ರತಿಗಳನ್ನು ಅರ್ಧ ಮಾಡುವ ಕೋಶವಿಭಜನೆ) ಮುಗಿದಾಗ ನಾಲ್ಕು ಎಳೆಯ ಕಣಗಳು ಕ್ಯಾಲೋಸ್ ಎಂಬ ವಸ್ತುವಿನ ಗೋಡೆಯೊಳಗೆ ಸಿಕ್ಕಿಕೊಂಡಿರುತ್ತವೆ. ಆ ಗೋಡೆ ಕರಗಿಸುವ ಕಿಣ್ವ ಬರುವುದು ಟಪೀಟಮ್‌ನಿಂದ. ಪರಾಗದ ಗಟ್ಟಿ ಹೊರಕವಚಕ್ಕೆ ಬೇಕಾದ ಸಾಮಾನು ಬರುವುದೂ ಅಲ್ಲಿಂದಲೇ. ಕೊನೆಗೆ ಪದರ ತಾನೇ ಸಾಯುತ್ತದೆ, ತನ್ನಲ್ಲಿದ್ದ ಕೊಬ್ಬನ್ನೂ ಪರಾಗದ ಮೈಗೆ ಬಳಿದು. ಈ ಕೆಲಸ ನಡೆಸುವ ಜೀನ್‌ಗಳು ಸರದಿಯಲ್ಲಿ ಒಂದನ್ನೊಂದು ಎಬ್ಬಿಸುತ್ತವೆ: ಡಿವೈಟಿ1, ಟಿಡಿಎಫ್1, ಎಎಂಎಸ್, ಎಂವೈಬಿ80, ಎಂಎಸ್1. ಇವುಗಳಿಗೂ ಮೊದಲು ಇಎಂಎಸ್1 ಇದೆ. ಅದು ಕೆಟ್ಟರೆ ಟಪೀಟಮ್ ಹುಟ್ಟುವುದೇ ಇಲ್ಲ. ಪರಾಗದ ತಾಯಿಕೋಶಗಳು ಮಾತ್ರ ಜಾಸ್ತಿ ಆಗುತ್ತವೆ. ತಾಯಂದಿರು ಹೆಚ್ಚು, ಪರಾಗ ಸೊನ್ನೆ!

ಗಿಡದಲ್ಲಿ ಜೀನ್ ಒಂದೊಂದಕ್ಕೂ ಎರಡು ಪ್ರತಿ, ಪರಾಗದ ಕಣದಲ್ಲಿ ಒಂದೇ. ಎಎಂಎಸ್‌ನ ಒಂದು ಪ್ರತಿ ಸರಿ ಇದ್ದು, ಇನ್ನೊಂದು ಕೆಟ್ಟಿರುವ ಗಿಡ ತಗೊಳ್ಳಿ. ಅದರ ಪರಾಗದಲ್ಲಿ ಅರ್ಧದಷ್ಟು ಕೆಟ್ಟ ಪ್ರತಿಯನ್ನೇ ಹೊತ್ತಿರುತ್ತದೆ. ಆದರೂ ಎಲ್ಲವೂ ಚೆನ್ನಾಗಿರುತ್ತದೆ, ಯಾಕೆಂದರೆ ಟಪೀಟಮ್‌ನಲ್ಲಿ ಒಳ್ಳೆ ಪ್ರತಿ ಒಂದಿದೆ, ಅಷ್ಟು ಸಾಕು. ತನ್ನದೇ ಪರಾಗದಿಂದ ಹುಟ್ಟಿದ ಅದರ ಮಕ್ಕಳಲ್ಲಿ ಎರಡೂ ಪ್ರತಿ ಕೆಟ್ಟ ಕಾಲು ಭಾಗ ಗಿಡಗಳು ಮಾತ್ರ ಬೀಜ ಕಟ್ಟುವುದಿಲ್ಲ.

ಡಿಯುಓ1 ಕಥೆಯೇ ಬೇರೆ. ಇದು ಪರಾಗದ ಒಳಗೇ ಕೆಲಸ ಮಾಡುವ ಜೀನ್. ಒಳಗಿನ ಚಿಕ್ಕ ಕೋಶ ಎರಡಾಗಿ ಒಡೆದು ಎರಡು ವೀರ್ಯಕೋಶ ಆಗಲು ಇದು ಬೇಕೇ ಬೇಕು. ಒಂದು ಪ್ರತಿ ಕೆಟ್ಟ ಗಿಡದಲ್ಲಿ ಅರ್ಧ ಪರಾಗ ಕೆಟ್ಟಿರುತ್ತದೆ, ಆದರೆ ಉಳಿದರ್ಧ ಧಾರಾಳವಾಗಿ ಸಾಕಾಗುವುದರಿಂದ ಕಾಯಿ ತುಂಬುತ್ತದೆ. ಟ್ರೇ ನೋಡಿದರೆ ಏನೂ ಅನುಮಾನ ಬರುವುದಿಲ್ಲ. ಸಿಕ್ಕಿಬೀಳುವುದು ಮಕ್ಕಳ ಎಣಿಕೆಯಲ್ಲಿ: ಎರಡೂ ಪ್ರತಿ ಕೆಟ್ಟ ಗಿಡ ಒಂದೂ ಸಿಗುವುದಿಲ್ಲ, ತಂದೆಯ ಕಡೆಯಿಂದ ಕೆಟ್ಟ ಪ್ರತಿ ದಾಟುವುದೇ ಇಲ್ಲ.

ಇಲ್ಲಿ ಅಲೆಕ್ಸಾಂಡರ್ ಬಣ್ಣವನ್ನು ನಂಬಿ ಕೂರಬೇಡಿ. ಅದು ಜೀವಂತ ಪರಾಗವನ್ನು ಕೆನ್ನೇರಳೆ ಮಾಡುತ್ತದೆ, ಸತ್ತು ಬರಿದಾದದ್ದನ್ನು ಹಸಿರು. ಡಿಯುಓ1 ಕೆಟ್ಟ ಪರಾಗ ಕೆನ್ನೇರಳೆಯಾಗಿಯೇ ಕಾಣುತ್ತದೆ, ಅದು ಬದುಕಿದೆ ಅಲ್ವಾ! ಡಾಪಿ (ಡಿಎನ್ಎಗೆ ಅಂಟಿ ಹೊಳೆಯುವ ಬಣ್ಣ) ಹಾಕಿ ನೋಡಿದರೆ ಮಾತ್ರ ವ್ಯತ್ಯಾಸ ಹೊರಗೆ ಬರುತ್ತದೆ. ಮಸುಕಾದ ದೊಡ್ಡ ನ್ಯೂಕ್ಲಿಯಸ್ ಪಕ್ಕದಲ್ಲಿ ಹೊಳೆಯುವ ಚುಕ್ಕೆ ಎರಡಿರಬೇಕು. ಇದರಲ್ಲಿ ಒಂದೇ ಇರುತ್ತದೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉಪಾಯ ಕ್ವಾರ್ಟೆಟ್ ಮ್ಯುಟೆಂಟ್, ಅಂದರೆ ಕ್ಯುಆರ್‌ಟಿ1 ಎಂಬ ಜೀನ್ ಕೆಟ್ಟ ಗಿಡ. 1994ರಲ್ಲಿ ವರದಿಯಾದದ್ದು. ಕ್ಯುಆರ್‌ಟಿ1 ಕೆಟ್ಟರೆ ಕಣಗಳ ನಡುವಿನ ಪೆಕ್ಟಿನ್ ಎಂಬ ಅಂಟು ಕರಗುವುದಿಲ್ಲ. ಒಂದೇ ಮಿಯೋಸಿಸ್‌ನ ನಾಲ್ಕು ಕಣಗಳು ಕೊನೆಯವರೆಗೂ ಅಂಟಿಕೊಂಡೇ ಇರುತ್ತವೆ, ಆದರೂ ಬೀಜ ಕಟ್ಟುತ್ತದೆ. ಡಿಯುಓ1ನ ಒಂದು ಕೆಟ್ಟ ಪ್ರತಿಯನ್ನು ಈ ಗಿಡಕ್ಕೆ ಸೇರಿಸಿ ಡಾಪಿ ಹಾಕಿ. ಪ್ರತಿ ಗುಂಪಿನಲ್ಲೂ ಎರಡು ಸರಿ, ಎರಡು ಕೆಟ್ಟದ್ದು. ಮೆಂಡಲ್‌ನ ಲೆಕ್ಕವನ್ನು ಒಂದು ಕವರ್ ಸ್ಲಿಪ್ ಕೆಳಗೆ ಹೀಗೆ ನೇರವಾಗಿ ನೋಡುವುದು ಅಪರೂಪ.

ಇನ್ನೊಂದು ಮಾತು. ಟ್ರೇ ಲೇಬಲ್ ಮೇಲೆ ಚೇಂಬರಿನ ತಾಪಮಾನವನ್ನೂ ಬೆಳಕನ್ನೂ ಬರೆಯಿರಿ. ಎಂವೈಬಿ33, ಎಂವೈಬಿ65 ಎಂಬ ಎರಡೂ ಜೀನ್ ಕೆಟ್ಟ ಗಿಡದಲ್ಲಿ ಟಪೀಟಮ್ ಹಾಳಾಗಿ ಪರಾಗ ನಿಂತುಹೋಗುತ್ತದೆ. ಅದೇ ಗಿಡವನ್ನು ತಂಪಿನಲ್ಲಿ ಅಥವಾ ಹೆಚ್ಚು ಬೆಳಕಿನಲ್ಲಿ ಬೆಳೆಸಿದರೆ ಬೀಜ ಒಂದಷ್ಟು ಮಟ್ಟಿಗೆ ಮರಳುತ್ತದೆ. ಎರಡು ಚೇಂಬರಿನಲ್ಲಿ ಎರಡು ಫಲಿತಾಂಶ ಬಂದರೆ ಯಾರದೋ ಕೈಚಳಕ ಸರಿಯಿಲ್ಲ ಅಂತ ಸುಮ್ನೆ ಜಗಳ ಬೇಡ. ಭತ್ತದಲ್ಲಂತೂ ಇಂಥ ಗುಣವೇ ಬಂಡವಾಳ. 1973ರಲ್ಲಿ ಚೀನಾದಲ್ಲಿ ಸಿಕ್ಕ ನಾಂಗ್‌ಕೆನ್ 58ಎಸ್ ಎಂಬ ತಳಿ ಹಗಲು ಉದ್ದವಿದ್ದಾಗ ಪರಾಗ ಕಟ್ಟುವುದಿಲ್ಲ, ಹಗಲು ಚಿಕ್ಕದಾದಾಗ ಕಟ್ಟುತ್ತದೆ. ಉದ್ದ ಹಗಲಲ್ಲಿ ಅದನ್ನು ಹೈಬ್ರಿಡ್ ಬೀಜಕ್ಕೆ ತಾಯಿ ಮಾಡಿಕೊಳ್ಳಬಹುದು, ಚಿಕ್ಕ ಹಗಲಲ್ಲಿ ಅದರದೇ ಬೀಜ ಎತ್ತಬಹುದು.