ಗೋಣಿಸೊಪ್ಪಿಗೆ ಕೆಂಪು ಗೆರೆ

ನನ್ನ ಕೆಲಸ ಕಳೆ ಕೀಳುವುದಲ್ಲ, ಕಳೆ ತೋರಿಸುವುದು. ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಕ್ಯಾಲಿಫೋರ್ನಿಯಾದ ಲೆಟ್ಯೂಸ್ (ಸಲಾಡ್ ಸೊಪ್ಪು) ಹೊಲಗಳ ಫೋಟೊ ತೆರೆಯುತ್ತೇನೆ. ಬೆಳೆಯ ಅಂಚಿಗೆ ಹಸಿರು ಗೆರೆ, ಕಳೆಯ ಅಂಚಿಗೆ ಕೆಂಪು ಗೆರೆ, ಕುಡಿಯ ಮೇಲೆ ಒಂದು ಚುಕ್ಕೆ. ಇಂಥ ರಾಶಿ ರಾಶಿ ಚಿತ್ರ ನೋಡಿದ ಮೇಲೆಯೇ ಕಳೆ ತೆಗೆಯುವ ರೋಬೊಟ್‌ಗೆ ಯಾವುದನ್ನು ಉಳಿಸಬೇಕು, ಯಾವುದನ್ನು ಕೊಲ್ಲಬೇಕು ಎಂಬುದು ತಿಳಿಯುವುದು.

ಮೊದಮೊದಲು ಕೈ ತಡೆದದ್ದು ಗೋಣಿಸೊಪ್ಪಿನ ಮುಂದೆ. ದಪ್ಪ ಎಲೆ, ಕೆಂಪು ದಂಟು, ನೆಲಕ್ಕೆ ಅಂಟಿಕೊಂಡು ಹರಡುವ ಅದೇ ಗಿಡ. ನಮ್ಮ ಕೋಲಾರದ ಮನೆಯಲ್ಲಿ ಬೆರಕೆ ಸೊಪ್ಪಿಗೆ ಅದು ಬೀಳದಿದ್ದರೆ ಮಸ್ಸೊಪ್ಪು ಸಪ್ಪೆ. ಅಲ್ಲಿ ಅದು ಕಳೆ. ಕೆಂಪು ಗೆರೆ ಎಳೆದೆ. ಅವರ ಹೊಲ, ಅವರ ನ್ಯಾಯ.

ಬರಿಮಣ್ಣಿನಲ್ಲಿ ಹಸಿರು ಕಂಡಲ್ಲೆಲ್ಲ ಔಷಧ ಹೊಡೆಯುವ ಯಂತ್ರಗಳು ಹಳೆಯವು. ಹಸಿರಿನೊಳಗಿನ ಹಸಿರನ್ನು ಬೇರ್ಪಡಿಸುವುದೇ ಪೇಚು. ಲೆಟ್ಯೂಸ್ ಎಲೆಯಡಿಯಿಂದ ಇಣುಕುವ ಎರಡೆಲೆಯ ಕಳೆಗೆ ಗೆರೆ ಎಳೆಯುವಾಗ ನನಗೂ ಕಣ್ಣು ಕಟ್ಟುತ್ತದೆ. 2011ರಲ್ಲಿ ಹುಟ್ಟಿದ ಬ್ಲೂ ರಿವರ್ ಎಂಬ ಕಂಪನಿ ಮೊದಲು ಲೆಟ್ಯೂಸ್ ಸಾಲಿನಲ್ಲಿ ಒತ್ತಾದ ಸಸಿಗಳನ್ನು ವಿರಳಗೊಳಿಸುವ ಯಂತ್ರ ಮಾಡಿತು. 2017ರಲ್ಲಿ ಟ್ರ್ಯಾಕ್ಟರ್ ಕಂಪನಿ ಜಾನ್ ಡಿಯರ್ ಅದನ್ನು 30.5 ಕೋಟಿ ಡಾಲರ್ ಕೊಟ್ಟು ಕೊಂಡಿತು. ಈಗ ಅವರ ಸಿಂಪಡಣೆ ಯಂತ್ರ ಕಳೆ ಕಂಡ ಕಡೆ ಮಾತ್ರ ನಳಿಗೆ ತೆರೆಯುತ್ತದೆ. ಸಿಯಾಟಲ್‌ನ ಕಾರ್ಬನ್ ರೋಬೊಟಿಕ್ಸ್‌ನದು ಔಷಧವೇ ಬೇಡದ ದಾರಿ. ಟ್ರ್ಯಾಕ್ಟರ್ ಎಳೆಯುವ ಅದರ ಯಂತ್ರ ಲೇಸರ್ ಬಿಟ್ಟು ಕಳೆಯ ಕುಡಿಯನ್ನೇ ಸುಡುತ್ತದೆ. ಆ ಚುಕ್ಕೆಯ ಬೆಲೆ ಗೊತ್ತಾಗುವುದು ಇಲ್ಲೇ: ಎಲೆ ಸುಟ್ಟರೆ ಗಿಡ ಮತ್ತೆ ಚಿಗುರೀತು, ಎಳೆಯ ಗಿಡದ ಕುಡಿ ಸುಟ್ಟರೆ ಅಲ್ಲಿಗೆ ಮುಗಿಯಿತು. ಜೇಕಿನ ಮಾತು ಬೇರೆ. ಮೇಲೆ ಸುಟ್ಟರೂ ಮಣ್ಣಿನೊಳಗಿನ ಗಡ್ಡೆ ಸುಮ್ಮನಿರುವುದಿಲ್ಲ.

‘ಕೂಲಿಯವರ ಹೊಟ್ಟೆಗೆ ಕಲ್ಲು’ ಎಂದು ಗೆಳತಿಯೊಬ್ಬಳು ಬೈದಳು. ಅದು ಸುಳ್ಳಲ್ಲ. ಆದರೆ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಗಿಡ್ಡ ಹಿಡಿಯ ಗುದ್ದಲಿ ಕೊಟ್ಟು ದಿನವಿಡೀ ಬಾಗಿಸಿಯೇ ದುಡಿಸುತ್ತಿದ್ದರು. ಬೆನ್ನು ಹಾಳಾಗುತ್ತದೆಂದು 1975ರಲ್ಲಿ ಅದನ್ನು ನಿಷೇಧಿಸಬೇಕಾಯಿತು. ಕುಕ್ಕರಗಾಲಲ್ಲಿ ಸಾಲು ಸವೆಸಿದ ನನ್ನ ಅಮ್ಮನ ಮಂಡಿಯನ್ನು ಕಂಡವಳಿಗೆ ಕೈಕಳೆಯ ಮೇಲೆ ಮೋಹ ಉಳಿಯುವುದಿಲ್ಲ.

ನನ್ನ ಅನುಮಾನವೆಲ್ಲ ರಾಗಿಯ ಮೇಲೆ. ಲೆಟ್ಯೂಸ್ ಪಕ್ಕದ ಗೋಣಿಸೊಪ್ಪನ್ನು ಮಗುವೂ ಗುರುತಿಸೀತು. ರಾಗಿ ಪೈರಿನ ನಡುವಿನ ಕಾಡುರಾಗಿ ತೆನೆ ಬರುವ ತನಕ ರಾಗಿಯಂತೆಯೇ ಇರುತ್ತದೆ, ಮೇಲಿನಿಂದ ನೋಡಿದರಂತೂ ಹೆಚ್ಚುಕಡಿಮೆ ಒಂದೇ. ಅಮ್ಮ ಗರಿ ಸರಿಸಿ ಬುಡ ನೋಡುತ್ತಾಳೆ, ಚಪ್ಪಟೆಯಾಗಿ ಬೆಳ್ಳಗಿದ್ದರೆ ಕೀಳುತ್ತಾಳೆ. ಹಾಗೆ ಗರಿ ಸರಿಸಿ ತೆಗೆದ ಒಂದು ಫೋಟೊವೂ ನನ್ನ ಪರದೆಗೆ ಇದುವರೆಗೆ ಬಂದಿಲ್ಲ. ಈ ಮುಂಗಾರಿನಲ್ಲಿ ಊರಿಗೆ ಹೋದಾಗ ಎರಡನ್ನೂ ಅಕ್ಕಪಕ್ಕ ಇಟ್ಟು ತೆಗೆದು ಇಲ್ಲಿ ಹಾಕುತ್ತೇನೆ, ಮೇಲಿನಿಂದ ಒಂದು, ಬುಡದಿಂದ ಒಂದು. ಯಾವುದು ಯಾವುದೆಂದು ನೀವೇ ಹೇಳಿ ನೋಡೋಣ.